ಕೋರ್ಟು ದೂರ ಅಂತ ಹುಟ್ಟಿದ ಕೌಂಟಿ

ಅಮೆರಿಕದ ವರ್ಜೀನಿಯಾ ರಾಜ್ಯದ ಆಶ್‌ಬರ್ನ್‌ನಲ್ಲಿ ಮಗಳ ಮನೆ. ಅಳಿಯನ ಜೊತೆ ದಿನಸಿ ತಂದು ವಾಪಸ್ ಬರುವಾಗ, ಫೇರ್‌ಫ್ಯಾಕ್ಸ್ ಮುಗಿದು ಲೌಡನ್ ಕೌಂಟಿ (ಕೌಂಟಿ ಅಂದ್ರೆ ನಮ್ಮ ಜಿಲ್ಲೆಯ ಹಾಗೆ) ಶುರುವಾಗುವ ಕಡೆ ರಸ್ತೆ ಬದಿಯಲ್ಲೊಂದು ಫಲಕ ಕಂಡಿತು. "ಫೋನಲ್ಲೇ ಸಿಗುತ್ತೆ ಮಾವ" ಅಂದರೂ ಬಿಡದೆ ಕಾರು ನಿಲ್ಲಿಸುವಂತೆ ಮಾಡಿದೆ.

ಬೆಳ್ಳಿ ಬಣ್ಣದ ಎರಕದ ಹಲಗೆ, ಉಬ್ಬಿದ ಕಪ್ಪು ಅಕ್ಷರ, ನೆತ್ತಿಯ ಮೇಲೆ ವರ್ಜೀನಿಯಾ ರಾಜ್ಯದ ಮುದ್ರೆ. ಈ ಕಡೆ ಲೌಡನ್ ಕಥೆ, ಹಿಂದೆ ಹೋದರೆ ಫೇರ್‌ಫ್ಯಾಕ್ಸ್ ಕಥೆ. ಲೌಡನ್: 519 ಚದರ ಮೈಲಿ, 1757ರಲ್ಲಿ ಫೇರ್‌ಫ್ಯಾಕ್ಸ್‌ನಿಂದ ಬೇರೆಯಾದದ್ದು, ಲಾರ್ಡ್ ಲೌಡನ್ ಹೆಸರು. ಫೇರ್‌ಫ್ಯಾಕ್ಸ್ ಹುಟ್ಟಿದ್ದು ಬರೀ 15 ವರ್ಷ ಮುಂಚೆ, 1742ರಲ್ಲಿ. ಅಷ್ಟರಲ್ಲೇ ಪಾಲಾಗಿ ಹೋಯ್ತು!

ಕಾರಣ ಫಲಕದಲ್ಲಿಲ್ಲ. ಆಗ ಫೇರ್‌ಫ್ಯಾಕ್ಸ್‌ನ ಕೋರ್ಟು ಇದ್ದದ್ದು ಪೊಟೊಮ್ಯಾಕ್ ದಂಡೆಯ ಅಲೆಕ್ಸಾಂಡ್ರಿಯಾದಲ್ಲಿ. ಜಮೀನು ಪತ್ರ, ಉಯಿಲು, ಸಾಲದ ತಕರಾರು, ಎಲ್ಲಕ್ಕೂ ಅಲ್ಲಿಗೇ ಹೋಗಬೇಕು. ಬ್ಲೂ ರಿಡ್ಜ್ ಬೆಟ್ಟದ ಬುಡದ ರೈತನಿಗೆ ಅದು ಸುಮಾರು 70-80 ಕಿಲೋಮೀಟರ್, ಕೆಸರು ದಾರಿ, ಕುದುರೆ ಸವಾರಿ. ಪಶ್ಚಿಮದ ಜನಕ್ಕೆ ತಮ್ಮದೇ ಕೋರ್ಟು ಬೇಕಾಯ್ತು. ಹಾಗೆ ಬಂದ ಕೌಂಟಿಗೆ ಲೀಸ್‌ಬರ್ಗ್ ಕೇಂದ್ರವಾಯ್ತು.

ನಮ್ಮ ಹರಪನಹಳ್ಳಿಯವರಿಗೆ ಈ ಸಂಕಟ ಹೇಳಿಕೊಡಬೇಕೇ? ಬಳ್ಳಾರಿಯಲ್ಲಿದ್ದವರು 1997ರಲ್ಲಿ ದಾವಣಗೆರೆಗೆ ಸೇರಿದೆವು, ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ಊರು ಇದ್ದಲ್ಲೇ ಇದೆ.

ನನಗೆ ನಗು ತರಿಸಿದ್ದು ಲಾರ್ಡ್ ಲೌಡನ್. ಫಲಕವೇ ಆತನನ್ನು ಹೆಸರಿಗಷ್ಟೇ ಗವರ್ನರ್ ಅನ್ನುತ್ತದೆ. ಅಮೆರಿಕದಲ್ಲಿದ್ದ ಬ್ರಿಟಿಷ್ ಸೇನೆಯ ದಂಡನಾಯಕ ಆತ, ಫ್ರೆಂಚರ ಮೇಲಿನ ಯುದ್ಧವೇ ಸಾಕಾಗಿತ್ತು. ಅದರಲ್ಲೂ ಹೆಸರು ಮಾಡಲಿಲ್ಲ, 1758ರಲ್ಲಿ ವಾಪಸ್ ಕರೆಸಿಕೊಂಡರು. ವರ್ಜೀನಿಯಾದಲ್ಲಿ ಕೂತು ಆಡಳಿತ ನಡೆಸಿದವರು ಲೆಫ್ಟಿನೆಂಟ್ ಗವರ್ನರ್‌ಗಳು. ಅವರಲ್ಲೊಬ್ಬ ಫ್ರಾನ್ಸಿಸ್ ಫಾಕಿಯರ್ ಹೆಸರು 1759ರಲ್ಲಿ ಪಕ್ಕದ ಕೌಂಟಿಗೆ ಸಿಕ್ಕಿತು. ಸದ್ಯ, ದುಡಿದವನಿಗೂ ಒಂದು ಪಾಲು ಬಂತಲ್ಲ.

"ಇಷ್ಟು ವರ್ಷದಿಂದ ಇಲ್ಲಿದ್ದೀಯ, ಲೀಸ್‌ಬರ್ಗ್ ಕೋರ್ಟು ನೋಡಿದ್ದೀಯೇನಪ್ಪ?" ಅಂತ ಅಳಿಯನನ್ನು ಕೇಳಿದೆ.

"ಇಲ್ಲ ಮಾವ. ಮನೆ ತೆರಿಗೆನೂ ಆನ್‌ಲೈನಲ್ಲೇ ಕಟ್ಟೋದು."

"ಹಾಗಾದ್ರೆ ಗಾಡಿ ಅತ್ಲಾಗೆ ತಿರುಗಿಸು" ಅಂದೆ. ಹಿಂದಿನ ಸೀಟಿನಲ್ಲಿ ಹಾಲು, ಮೊಸರು ಇದ್ದದ್ದು ಇಬ್ಬರಿಗೂ ನೆನಪಾಗಲಿಲ್ಲ.