ಎರಡನೇ ಸುತ್ತು ಬ್ಯಾಡ್ರಿ

ಬೀದರ್ ವಾಯುನೆಲೆಯ ಹಾಕ್ ವಿಮಾನದ ಸದ್ದು ಕೇಳಿದಾಗೆಲ್ಲ ಅದರಾಗ ಕಲಿಯೋ ಹುಡುಗರು ನೆನಪಾಗ್ತಾರ. ಅವರಿಗಿರೋದು ಒಂದೇ ಜೀವ. ಕಂಪ್ಯೂಟರ್ ಯುದ್ಧವಿಮಾನದ ಸಿಮ್ಯುಲೇಟರ್ ಆಟದಾಗ ಒಬ್ಬನೇ ಪೈಲಟ್ ಆಗಿ ಸಾಲಾಗಿ ಮಿಷನ್ ಹಾರಿಸೋ ಕೆರಿಯರ್‌ನಾಗೂ ಹಂಗೇ ಹಾರಬೇಕು ಅನ್ನಸ್ತದ.

ಅಲ್ಲಿ ಪೈಲಟ್ ಸಾಯೋದು ಹೆಚ್ಚಾಗಿ ಎರಡನೇ ಸುತ್ತಿನಾಗ. ನೆಲದ ಗುರಿ ಮ್ಯಾಲೆ ಒಮ್ಮೆ ಎರಗಿ, ವೇಗ ಇಳೀಲಾರದಂಗ ತಗ್ಗಿನ್ಯಾಗೇ ದೂರ ಹೋಗ್ರಿ. ತಿರುಗಿ ಬರೂದ್ರಾಗ ಫ್ಲ್ಯಾಕ್, ಅಂದ್ರ ವಿಮಾನ ಹೊಡಿಯೋ ತೋಪುಗಳು ಕಾಯ್ತಿರ್ತಾವ. ಸ್ಪಿಟ್‌ಫೈರ್ ಮಾರ್ಕ್ 9 ಅನ್ನೋ ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನದಾಗ ಒಂದೊಂದು ಕ್ಯಾನನ್‌ಗೆ 120 ಗುಂಡು, ಅಂದ್ರ ಬರೇ 12 ಸೆಕೆಂಡು. 200 ಮೀಟರ್ ಒಳಗ ಬರೋತನಕ ಟ್ರಿಗರ್ ಮುಟ್ಟಬ್ಯಾಡ್ರಿ. ಸಂಗಾತಿ ವಿಮಾನದಿಂದನೂ ಅಂತರ ಇರ್ಲಿ: ವಾಯುಯುದ್ಧದ ನಿಯಮ ಬರೆದ ಜರ್ಮನ್ ಪೈಲಟ್ ಬೋಲ್ಕೆನೇ 1916ರಾಗ ತನ್ನವರ ವಿಮಾನ ತಾಗಿ ಬಿದ್ದು ಸತ್ತ. ರೇಡಿಯೇಟರ್‌ಗೆ ಒಂದು ಗುಂಡು ಬಿದ್ರೂ ಮಿಷನ್ ಬಿಟ್ಟು ನೆಲೆ ಕಡೆ ತಿರುಗ್ರಿ. ಕೂಲಂಟ್, ಅಂದ್ರ ಎಂಜಿನ್ ತಂಪಿಡೋ ದ್ರವ ಸೋರಿದ್ರ ಎಂಜಿನ್ ಕೆಲವೇ ನಿಮಿಷ ತಡೀತದ.