ಬಾಲ ಇರುವ ಮಷಿನ್ನು

ಅಕ್ಟೋಬರ್ 6, 2024, ಭಾನುವಾರ
ಶಿರಸಿ ಹತ್ತಿರದ ನಮ್ಮ ಹಳ್ಳಿ

ಮೂರು ದಿನದಿಂದ ಮಳೆ ಹೊಳವಾಗಿದೆ. ಇಬ್ಬನಿ ಆರಲಿ ಎಂದು ಹತ್ತು ಗಂಟೆವರೆಗೆ ಕಾದು ಹುಲ್ಲು ಕೊಯ್ಯುವ ಮಷಿನ್ ಹೊರಗೆ ತೆಗೆದೆ. ಕರೆಂಟಿನ ಸಾಮಾನು, ಒದ್ದೆ ಹುಲ್ಲಿಗೆ ಹಚ್ಚುವಂತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಲ್ಲು ಎದ್ದು ನಿಲ್ಲುವಷ್ಟೂ ದಿನ ಅದಕ್ಕೆ ಅಟ್ಟದ ಮೇಲೆ ರಜೆ. ಶಿರಸಿ ಸೀಮೆಯಲ್ಲಿ ಇದನ್ನು ಕೊಂಡವನಿಗೆ ಬುದ್ಧಿಯಿಲ್ಲ ಎಂದರೆ ವಾದಿಸಲಾರೆ.

ಆಯಿ ಜಗುಲಿಯಲ್ಲಿ ಎಲೆ ಅಡಿಕೆ ಕವಳ ಹಾಕುತ್ತಿದ್ದಳು. "ತಮಾ, ಬಾಲ ಕೊಯ್ಕಳಡ" ಎಂದಳು. ಬಾಲ ಎಂದರೆ ಮಷಿನ್ನಿನ ವೈರು, ಅದನ್ನು ಕೊಯ್ದುಕೊಳ್ಳಬೇಡ ಎಂದು.

ಹೋದ ವರ್ಷ ಕೊಯ್ದುಕೊಂಡಿದ್ದೆ. ಕಪ್ಪು ವೈರು ಗರಿಕೆಯೊಳಗೆ ಕಾಣಲೇ ಇಲ್ಲ. ಟಪ್ ಎಂದಿತು, ಒಳಗೆ ಫ್ಯಾನೂ ನಿಂತಿತು. ಕರೆಂಟು ಸೋರಿದರೆ ತಾನೇ ಲೈನು ಕಡಿಯುವ ಸ್ವಿಚ್ಚು, 30 ಮಿಲಿಆಂಪಿನ ಇಎಲ್‌ಸಿಬಿ, ಬಿದ್ದಿತ್ತು. ಅದನ್ನು ಹಾಕಿಸುವಾಗ ದುಡ್ಡು ದಂಡ ಎಂದು ಗೊಣಗಿದವನು ನಾನೇ.

ಈಗಿನದು ಕಿತ್ತಳೆ ಬಣ್ಣದ ವೈರು, 25 ಮೀಟರ್, ಮೂರು ಎಳೆಯದು. ಮೋಟರ್ 1400 ವ್ಯಾಟ್, ಅಂದರೆ 230 ವೋಲ್ಟಿನಲ್ಲಿ ಹೆಚ್ಚುಕಡಿಮೆ 6 ಆಂಪ್. ದೀಪಾವಳಿ ಸರಕ್ಕೆ ಎಳೆಯುವ ಸಣ್ಣ ವೈರು ಇದಕ್ಕೆ ಸಾಲದು. ವೈರನ್ನು ಪೂರ್ತಿ ಬಿಚ್ಚಿಯೇ ಹಾಕಬೇಕು. ಸುರುಳಿಯಲ್ಲೇ ಬಿಟ್ಟರೆ ಬಿಸಿ ಹೊರಗೆ ಹೋಗದೆ ಮೇಲಿನ ಪ್ಲಾಸ್ಟಿಕ್ಕು ಮೆತ್ತಗಾಗುತ್ತದೆ.

ಪ್ಲಗ್ಗಿನ ಪಕ್ಕದಿಂದ ಶುರುಮಾಡಿ ದೂರ ದೂರ ಹೋಗುವುದು, ವೈರು ಯಾವಾಗಲೂ ಕೊಯ್ದಾದ ಕಡೆಗೇ ಬಿದ್ದಿರುವುದು, ಪ್ರತಿ ತಿರುವಿನಲ್ಲೂ ಅದನ್ನು ಹೆಗಲ ಮೇಲಿಂದ ಆಚೆ ಎಸೆಯುವುದು. ಒಂದು ಗಂಟೆ ಕೆಲಸದಲ್ಲಿ ಅರ್ಧ ಹುಲ್ಲಿಗೆ, ಅರ್ಧ ಬಾಲಕ್ಕೆ. ಎಮ್ಮೆ ಮೇಯಿಸುವವನಿಗೂ ಹಗ್ಗದ ಮೇಲೆ ಇಷ್ಟು ಕಣ್ಣಿರಲಿಕ್ಕಿಲ್ಲ.

ಮೊಣಕಾಲೆತ್ತರದ ಹುಲ್ಲಿಗೆ ಮಷಿನ್ ಉಸಿರುಕಟ್ಟಿ ನಿಲ್ಲುತ್ತದೆಂದು ನಿನ್ನೆಯೇ ಕತ್ತಿಯಲ್ಲಿ ಒಂದು ಸುತ್ತು ಸವರಿದ್ದೆ. ಆ ಹೊರೆ ಕೊಟ್ಟಿಗೆಗೆ ಹೋಯಿತು. ಮಷಿನ್ ಪುಡಿ ಮಾಡಿದ್ದು ಮಾತ್ರ ದನಕ್ಕೆ ಆಗದು, ರಾಶಿ ಹಾಕಿದ ಸ್ವಲ್ಪ ಹೊತ್ತಿಗೇ ಬಿಸಿಯೇರಿ ಹುಳಿವಾಸನೆ ಬರುತ್ತದೆ. ಅದನ್ನು ತೆಂಗಿನ ಬುಡಕ್ಕೆ ತೆಳ್ಳಗೆ ಹರಡಿದೆ. ಮೇವು ಮಣ್ಣುಪಾಲು ಎಂಬುದು ಆಯಿಯ ಹಳೇ ತಕರಾರು. ಅದರಲ್ಲಿ ಸುಳ್ಳಿಲ್ಲ.

ಅಡಿಕೆ ಒಣಹಾಕುವ ಅಂಗಳದ ಬದಿ ಮುಗಿದು ರಸ್ತೆಯ ಕಡೆ ತಿರುಗುವಷ್ಟರಲ್ಲಿ ಕರೆಂಟು ಹೋಯಿತು. ಪ್ಲಗ್ ಕಿತ್ತು, ಮಷಿನ್ ಬೋರಲು ಹಾಕಿ, ಅಡಿಗೆ ಮೆತ್ತಿದ ಹಸಿರು ಹಿಟ್ಟನ್ನು ಕಟ್ಟಿಗೆ ಚೂರಿನಿಂದ ಕೆರೆದೆ. ನಾಚಿಕೆ ಮುಳ್ಳಿನ ಬಳ್ಳಿಯೊಂದು ಬ್ಲೇಡಿಗೆ ಸುತ್ತಿಕೊಂಡಿತ್ತು. ಅಂಚು ಮೊಂಡಾಗಿದೆ, ಅರ ಹಿಡಿಯಬೇಕು.

ಕರೆಂಟು ಬಂದದ್ದು ಮೂರು ಗಂಟೆಗೆ. ಅದರ ಜೊತೆಗೇ ಗುಡುಗು. ವೈರು ಒರೆಸಿ, ದೊಡ್ಡ ಸುತ್ತಿನಲ್ಲಿ ಸುತ್ತಿ ಮೊಳೆಗೆ ನೇತುಹಾಕಿ ಬರುವಾಗ ಆಯಿ ಕತ್ತಿ ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ಉಳಿದರ್ಧ ಹುಲ್ಲು ಸಂಜೆ ದನದ ಮುಂದಿತ್ತು.