ಸಮಿಟ್ ರಾತ್ರಿ ಹಾಳಾಗುವುದು ಟೆಂಟಿನೊಳಗೆ

ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯ ಕೇದಾರಕಂಠ ಶಿಖರದಲ್ಲಿ ಸೂರ್ಯೋದಯ ಸಿಗದೆ ವಾಪಸಾದವರನ್ನು ಕೇಳಿದರೆ ಏರು ಜಾಸ್ತಿ ಇತ್ತು, ಉಸಿರು ಸಾಲಲಿಲ್ಲ ಅನ್ನುತ್ತಾರೆ. ಬೇಸ್ ಕ್ಯಾಂಪಿನಿಂದ ಬ್ಯಾಚ್ ಹೊರಡಿಸುವ ನಮಗೆ ಕಾಣುವುದು ಬೇರೆ. ಸಮಿಟ್, ಅಂದರೆ ತುದಿ ಮುಟ್ಟುವುದು, ಕೈತಪ್ಪುವುದು ಬಹಳ ಸಲ ರಾತ್ರಿ ಒಂದೂವರೆಯಿಂದ ಮೂರರ ನಡುವೆ, ಟೆಂಟಿನೊಳಗೆ. ಒಬ್ಬರಿಗೆ ಒಳಗ್ಲೌಸ್ ಸಿಗುವುದಿಲ್ಲ, ಇನ್ನೊಬ್ಬರ ಶೂ ಕಲ್ಲಿನಂತೆ ಹೆಪ್ಪುಗಟ್ಟಿದೆ, ಮತ್ತೊಬ್ಬರು ಶೂ ಒಳಗೆ ಹಿಮ ಹೋಗದಂತೆ ಕಟ್ಟುವ ಎಡಗಾಲಿನ ಗೇಟರನ್ನು ಬಲಗಾಲಿಗೆ ಕಟ್ಟಿ ಬಿಚ್ಚುತ್ತಿದ್ದಾರೆ. ಮೊದಲೇ ತಯಾರಾಗಿ ಹೊರಬಂದವರು ಮೈನಸ್ 10ರ ಆಸುಪಾಸಿನ ಚಳಿಯಲ್ಲಿ ನಿಂತು ಕಾಯುತ್ತಾರೆ. ನಡೆಯುವಾಗ ಬೆಚ್ಚಗಿರುವ ಕಾಲ್ಬೆರಳು ಸುಮ್ಮನೆ ನಿಂತರೆ ಬೇಗ ಮರಗಟ್ಟುತ್ತದೆ. ತಡ ಮಾಡಿದವರಿಗಿಂತ ಕಾದವರೇ ಆಮೇಲೆ ಅರ್ಧ ದಾರಿಯಿಂದ ಇಳಿಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹೊತ್ತಿನ ಲೆಕ್ಕ ಹೀಗೆ. ಬೇಸ್ ಸುಮಾರು 3,400 ಮೀಟರಿನಲ್ಲಿದೆ, ತುದಿ 3,810. ಏರಬೇಕಾದದ್ದು 400 ಮೀಟರ್ ಚಿಲ್ಲರೆ, ಆದರೆ ಹಿಮದ ಮೇಲೆ, ಕತ್ತಲಲ್ಲಿ, ಒಬ್ಬರ ಹೆಜ್ಜೆಯಲ್ಲಿ ಒಬ್ಬರು ಹೆಜ್ಜೆಯಿಟ್ಟು ಹೋಗುವ ಗುಂಪಿಗೆ ಮೂರರಿಂದ ನಾಲ್ಕು ಗಂಟೆ ಹಿಡಿಯುತ್ತದೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಏಳು ದಾಟಿದ ಮೇಲೆ. ಮೂರಕ್ಕೆ ಹೊರಟರೆ ಸರಿಹೋಗುತ್ತದೆ. ಮೇ ತಿಂಗಳಲ್ಲಿ ಐದೂಕಾಲರ ಹೊತ್ತಿಗೇ ಸೂರ್ಯ ಬಂದಿರುತ್ತಾನೆ, ಆಗ ಒಂದೂವರೆಗೇ ಹೊರಡಬೇಕು. ಬ್ರೋಷರಿನಲ್ಲಿ ವರ್ಷವಿಡೀ ‘ಬೆಳಗಿನ ಜಾವ ಮೂರಕ್ಕೆ’ ಎಂದು ಅಚ್ಚು ಹಾಕಿ ಕೂತಿರುವ ಆಫೀಸಿನವರಿಗೆ ಇದನ್ನು ಎಷ್ಟು ಹೇಳಿದರೂ ತಿದ್ದಿಲ್ಲ. ತೀರಾ ಬೇಗ ತಲುಪುವುದೂ ಕೆಟ್ಟದ್ದೇ. ತುದಿ ಬಯಲು, ಗಾಳಿಗೆ ಮರೆಯಿಲ್ಲ. ಸೂರ್ಯ ಕಾಣುವ ಇಪ್ಪತ್ತು ನಿಮಿಷ ಮೊದಲು ಮೇಲಿದ್ದರೆ ಸಾಕು. ಸ್ವರ್ಗಾರೋಹಿಣಿ, ಕಾಲಾನಾಗ್, ಬಂದರಪೂಂಛ್ ಶಿಖರಗಳ ನೆತ್ತಿಗೆ ಬೆಳಕು ತಾಗುವುದನ್ನು ನೋಡಲು ಅಷ್ಟು ಹೊತ್ತು ಬೇಕು.

ಕಳೆದ ಚಳಿಗಾಲದ ಒಂದು ಬ್ಯಾಚಿನ ಮಾತು ಇವತ್ತಿಗೂ ಕಿಚನ್ ಟೆಂಟಿನಲ್ಲಿ ಬರುತ್ತದೆ. ಬೆಂಗಳೂರಿನಿಂದ ಬಂದಿದ್ದ ಗಟ್ಟಿ ಆಳು, ಉದ್ದ ಓಟದ ಅಭ್ಯಾಸ ಇದ್ದವರು. ಹಿಂದಿನ ಸಂಜೆ ಊಟ ಬಿಟ್ಟಿದ್ದರು, ತಲೆನೋವು ಅಂದಿದ್ದರು. ರಾತ್ರಿ ಎರಡಕ್ಕೆ, ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್ 68 ತೋರಿಸಿತು. ಬೆರಳು ತಣ್ಣಗಿದ್ದರೆ ಮೀಟರ್ ಹೀಗೆ ಸುಳ್ಳು ಹೇಳುವುದು ಎಲ್ಲರಿಗೂ ಗೊತ್ತಿದ್ದದ್ದೇ. ಕೈಯನ್ನು ಕಂಕುಳಲ್ಲಿಟ್ಟು ಬಿಸಿ ಮಾಡಿಸಿ ಮತ್ತೆ ನೋಡಿದರೆ 85 ಬಂತು. ಮುಂದೆ ನಡೆಯುವ ಲೀಡ್, ಎಲ್ಲರ ಹಿಂದೆ ಬರುವ ಸ್ವೀಪ್, ಹೆಲ್ಪರ್ ಎಲ್ಲರಿಗೂ ಸಮಾಧಾನವಾಗಿ ಬ್ಯಾಚ್ ಹೊರಟಿತು.

ಮೊದಲ ಕಡಿದಾದ ಏರಿನಲ್ಲಿ ಸ್ವೀಪ್‌ನ ಹೆಡ್‌ಲ್ಯಾಂಪಿನ ಬೆಳಕಿಗೆ ಆ ಮನುಷ್ಯನ ಹೆಜ್ಜೆಗುರುತು ಕಂಡಿತು. ತುಳಿದ ದಾರಿ ಬಿಟ್ಟು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೋಗಿತ್ತು. ನಿಲ್ಲಿಸಿ, ಹಿಮ್ಮಡಿಗೆ ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಿರಿ ಅಂದಾಗ ಮೂರನೇ ಹೆಜ್ಜೆಗೇ ಪಕ್ಕಕ್ಕೆ ವಾಲಿದರು. “ಸ್ಪೈಕ್ ಸಿಕ್ಕಿಕೊಂಡಿತು ಸರ್, ಇನ್ನೊಂದ್ಸಲ ನಡೀತೀನಿ” ಅಂದರು. ಮೇಲೆ ಗಾಳಿಯಲ್ಲಿ ಇಡೀ ಬ್ಯಾಚ್ ನಿಂತಿದೆ, ವಾಕಿಯಲ್ಲಿ ಲೀಡ್ “ಬರ್ತಿದ್ದೀರಾ, ಇಲ್ಲವಾ?” ಎಂದು ಕೇಳುತ್ತಿದ್ದಾನೆ. ಹಿಮದಲ್ಲಿ ಜಾರದಂತೆ ಶೂ ಅಡಿಗೆ ಕಟ್ಟಿದ್ದ ಹಲ್ಲಿನ ಸ್ಪೈಕ್ ಬಿಚ್ಚಿಸಿ, ಸಮತಟ್ಟಾದ ಜಾಗ ಹುಡುಕಿ, ಮತ್ತೆ ನಡೆಸಬೇಕಾಯಿತು. ಆ ನಾಲ್ಕೈದು ನಿಮಿಷ ಯಾರೂ ಮಾತಾಡಲಿಲ್ಲ. ಎರಡನೇ ಸಲವೂ ಮೂರನೇ ಹೆಜ್ಜೆಗೆ ವಾಲಿದರು. “ಇಷ್ಟು ದೂರದಿಂದ ಬಂದಿದ್ದೀನಿ, ಅರ್ಧ ಗಂಟೆ ಕೂತು ಹೋಗ್ತೀನಿ” ಎಂದು ಕೇಳಿಕೊಂಡರು. ಸ್ವೀಪ್ ಮತ್ತು ಹೆಲ್ಪರ್ ಎರಡೂ ತೋಳು ಹಿಡಿದು ಆ ಕ್ಷಣವೇ ಇಳಿಸಿದರು. ಬೆಳಗಾಗುವ ಹೊತ್ತಿಗೆ ಕೆಳಗಿನ ಕ್ಯಾಂಪ್ ಜೂಡಾ ಕಾ ತಾಲಾಬ್, ಮಧ್ಯಾಹ್ನ ಚಾರಣ ಶುರುವಾಗುವ ಊರು ಸಾಂಕ್ರಿ. ಸಾಂಕ್ರಿಯಲ್ಲಿ ನೆಟ್ಟಗೆ ನಡೆಯುತ್ತಿದ್ದರು, ಊಟ ಮಾಡಿದರು.

ತಪ್ಪಿದ್ದು ನೋಡಿದ ಕ್ರಮದಲ್ಲಿ. ಆ ಎತ್ತರದಲ್ಲಿ 85 ಅಂದರೆ ಅಪರೂಪದ ಅಂಕಿಯೇನಲ್ಲ, ಅದು ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅನ್ನುವುದನ್ನಷ್ಟೇ ಹೇಳುತ್ತದೆ. ಮಿದುಳಿನಲ್ಲಿ ನೀರು ತುಂಬಲು ಶುರುವಾದರೆ ಅದು ಗೊತ್ತಾಗುವುದು ನಡಿಗೆಯಲ್ಲಿ, ಮಾತಿನಲ್ಲಿ. ಮೊದಲು ನಡೆಸಿ ನೋಡಬೇಕು. ಆಮೇಲೆ ತಲೆನೋವು, ವಾಕರಿಕೆ, ತಲೆಸುತ್ತು, ಸುಸ್ತು ಕೇಳಬೇಕು. ಮೀಟರ್ ಕೊನೆಗೆ. ತಲೆನೋವಿನ ಜೊತೆ ಇನ್ನೊಂದು ಲಕ್ಷಣ ಇದ್ದರೆ ಅವತ್ತು ಮೇಲೆ ಹೋಗುವಂತಿಲ್ಲ. ಹೆಜ್ಜೆ ತಪ್ಪಿದರೆ ಬೆಳಕಾಗಲಿ ಎಂದು ಕಾಯುವಂತಿಲ್ಲ, ಕತ್ತಲಲ್ಲೇ ಇಳಿಸಬೇಕು. ಆಕ್ಸಿಜನ್ ಸಿಲಿಂಡರ್, ಮಿದುಳಿನ ಊತ ಇಳಿಸುವ ಔಷಧ ಡೆಕ್ಸಾ ಎರಡೂ ಕಿಟ್ಟಿನಲ್ಲಿರುತ್ತವೆ, ಆದರೆ ಅವು ಇಳಿಯುವುದಕ್ಕೆ ಸಮಯ ಕೊಡುತ್ತವೆ ಅಷ್ಟೇ. ಆಫೀಸ್ ಕಳಿಸುವ ಹೆಲ್ತ್ ಶೀಟಿನಲ್ಲಿ ಆಮ್ಲಜನಕಕ್ಕೊಂದು, ನಾಡಿಬಡಿತಕ್ಕೊಂದು ಕಾಲಂ ಇದೆ, ನಡಿಗೆಗೆ ಇಲ್ಲ. ಈಗ ಪೆನ್ನಿನಲ್ಲಿ ಗೆರೆ ಎಳೆದು ಸೇರಿಸಿಕೊಳ್ಳುತ್ತೇವೆ.

ಅದಕ್ಕಿಂತ ದೊಡ್ಡ ತಕರಾರು ಐಟಿನರಿಯದ್ದು. ಸಾಂಕ್ರಿಯ ಎತ್ತರ ಸುಮಾರು 1,950 ಮೀಟರ್. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930. ಅಂದರೆ ನಮ್ಮ ನಾಡಿನ ಬೆಟ್ಟಗಳು ಮುಗಿಯುವ ಎತ್ತರದಲ್ಲಿ ಈ ಚಾರಣ ಶುರುವಾಗುತ್ತದೆ. 920 ಮೀಟರಿನ ಬೆಂಗಳೂರಿನಿಂದ ಹೊರಟವರು ಡೆಹರಾಡೂನಿನಿಂದ ಇಡೀ ದಿನ ಗಾಡಿಯಲ್ಲಿ ಕೂತು ಬಂದು, ಒಂದು ರಾತ್ರಿ ಸಾಂಕ್ರಿ, ಮರುದಿನ ಜೂಡಾ ಕಾ ತಾಲಾಬಿನ 2,750ರ ಸುಮಾರು, ಅದರ ಮರುದಿನ 3,400ರಲ್ಲಿ ಮಲಗುತ್ತಾರೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು ಎನ್ನುತ್ತದೆ ಪರ್ವತ ವೈದ್ಯರ ಮಾರ್ಗಸೂಚಿ. ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗಕ್ಕಿಂತ ಕಡಿಮೆ. ಜೂಡಾದಲ್ಲಿ ಒಂದು ರಾತ್ರಿ ಹೆಚ್ಚಿಗೆ ಕೊಟ್ಟರೆ ಅರ್ಧ ಸಮಸ್ಯೆ ಮುಗಿಯುತ್ತದೆ ಎನ್ನುವುದು ನನ್ನ ನಂಬಿಕೆ. ಪ್ಯಾಕೇಜ್ ಒಂದು ದಿನ ಉದ್ದವಾದರೆ ಬುಕಿಂಗ್ ಬರುವುದಿಲ್ಲ ಎನ್ನುವುದು ಆಫೀಸಿನ ವಾದ. ನೀವೇ ಒಂದು ದಿನ ಮೊದಲು ಸಾಂಕ್ರಿಗೆ ಬಂದು, ಸಂಜೆ ಊರಿನ ಮೇಲಿನ ಕಾಡಿನತನಕ ಹತ್ತಿ ಇಳಿದು ಮಲಗಿ.

ಎತ್ತರದ ಕಾಯಿಲೆ ತಡೆಯುವ ಡಯಮಾಕ್ಸ್ ಮಾತ್ರೆ ಬಗ್ಗೆ ಎಲ್ಲರೂ ಕೇಳುತ್ತಾರೆ. ತಡೆಗೆ ಕೊಡುವ ರೂಢಿಯ ಪ್ರಮಾಣ 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಏರುವ ಹಿಂದಿನ ದಿನದಿಂದ. ಅಂಗಡಿಯಲ್ಲಿ ಸಿಗುವುದು 250ರ ಮಾತ್ರೆ, ಅರ್ಧ ಮಾಡಬೇಕು. ಸಲ್ಫಾ ಔಷಧದ ಅಲರ್ಜಿ ಇದ್ದವರಿಗೆ ಅಪಾಯವಾಗಬಹುದು, ಹಾಗಾಗಿ ಊರಲ್ಲೇ ಡಾಕ್ಟರನ್ನು ಕೇಳಿ ಬನ್ನಿ. ತೆಗೆದುಕೊಂಡಿದ್ದರೆ ಲೀಡ್‌ಗೆ ಹೇಳಲೇಬೇಕು. ಆ ಮಾತ್ರೆಗೆ ಬೆರಳು ಜುಮ್ಮೆನ್ನುತ್ತದೆ, ನಮಗೆ ಅದು ಹಿಮಕ್ಕೆ ಮರಗಟ್ಟುತ್ತಿದೆಯೋ ಮಾತ್ರೆಯದೋ ಗೊತ್ತಾಗಬೇಕು.

ಇನ್ನು ಟೆಂಟಿನೊಳಗಿನ ಕೆಲಸ. ಸಂಜೆ ಆರಕ್ಕೆ ಬ್ರೀಫಿಂಗ್ ಮುಗಿದ ಕೂಡಲೇ, ಊಟಕ್ಕೂ ಮೊದಲು ಮಾಡಬೇಕು. ಊಟ ಆದ ಮೇಲೆ ಯಾರಿಗೂ ಕೈ ಹೊರಗಿಡಲು ಮನಸ್ಸಾಗುವುದಿಲ್ಲ. ಬೆಳಿಗ್ಗೆ ಹಾಕುವ ಥರ್ಮಲ್ ಈಗಲೇ ಹಾಕಿ ಮಲಗಿ, ಆದರೆ ಹಗಲು ಬೆವರಿದ್ದನ್ನಲ್ಲ, ಒಣಗಿದ್ದನ್ನು. ಶೂಗಳನ್ನು ಪಾಲಿಥಿನ್ ಚೀಲದಲ್ಲಿ ಸುತ್ತಿ ಸ್ಲೀಪಿಂಗ್ ಬ್ಯಾಗಿನ ಕಾಲಿನ ತುದಿಗೆ ಇಡಿ. ಹೊರಗೆ ಬಿಟ್ಟ ಒದ್ದೆ ಶೂ ಬೆಳಿಗ್ಗೆ ಬಗ್ಗುವುದೇ ಇಲ್ಲ. ಹೆಡ್‌ಲ್ಯಾಂಪ್, ಫೋನ್, ಬದಲಿ ಸೆಲ್ ಇವೂ ಬ್ಯಾಗಿನೊಳಗೆ, ಮೈಗೆ ಹತ್ತಿರ. ಚಳಿಗೆ ಬ್ಯಾಟರಿ ಬೇಗ ಕೈಕೊಡುತ್ತದೆ, ಲಿಥಿಯಂ ಸೆಲ್ ಆದರೆ ಚೆನ್ನಾಗಿ ತಾಳಿಕೊಳ್ಳುತ್ತದೆ. ಫೋನ್ ಟಾರ್ಚ್ ನಂಬಿ ಬರಬೇಡಿ, ಒಂದು ಕೈ ಅದಕ್ಕೇ ಹೋಗುತ್ತದೆ. ಗೇಟರ್ ಮತ್ತು ಸ್ಪೈಕ್ ಎರಡನ್ನೂ ಬೆಳಕಿರುವಾಗಲೇ ಒಮ್ಮೆ ಹಾಕಿ ಬಿಚ್ಚಿ. ಕತ್ತಲಲ್ಲಿ ಗ್ಲೌಸ್ ಕೈಯಲ್ಲಿ ಮೊದಲ ಸಲ ಹಾಕಲು ಹೊರಟವರಿಂದಲೇ ಬ್ಯಾಚ್ ನಿಲ್ಲುವುದು.

ಕೊಳವೆಯಿಂದ ಹೀರುವ ನೀರಿನ ಚೀಲ, ಹೈಡ್ರೇಶನ್ ಪ್ಯಾಕ್, ಬೇಡ. ನೀರು ಇದ್ದರೂ ಕೊಳವೆ ಹೆಪ್ಪುಗಟ್ಟಿ ಕುಡಿಯಲು ಸಿಗುವುದಿಲ್ಲ. ಅಗಲ ಬಾಯಿಯ ಒಂದು ಲೀಟರ್ ಬಾಟಲಿಗೆ ಕಿಚನ್ನಿನಿಂದ ಬಿಸಿನೀರು ತುಂಬಿಸಿ, ಉಣ್ಣೆ ಕಾಲ್ಚೀಲದೊಳಗೆ ಇಳಿಸಿ, ಬಾಯಿ ಕೆಳಗಾಗಿ ಬೆನ್ನಿನ ಬ್ಯಾಗಿನಲ್ಲಿಡಿ. ಹೆಪ್ಪುಗಟ್ಟುವುದು ಮೇಲ್ಭಾಗದಿಂದ, ಹೀಗಿಟ್ಟರೆ ಮುಚ್ಚಳ ತೆರೆಯಲು ಬರುತ್ತದೆ. ಜೊತೆಗೆ ಅರ್ಧ ಲೀಟರಿನ ಥರ್ಮಾಸ್. ಎರಡು ಗಂಟೆಗೆ ಯಾರಿಗೂ ಹಸಿವಿರುವುದಿಲ್ಲ, ಆದರೂ ಒಂದು ಬಟ್ಟಲು ದಲಿಯಾ ತಿನ್ನಲೇಬೇಕು. ಒಣದ್ರಾಕ್ಷಿ, ಚಿಕ್ಕಿ ಜೇಬಿನಲ್ಲಿರಲಿ. ಚಾಕೊಲೇಟ್ ಬಾರ್ ಆ ಚಳಿಗೆ ಹಲ್ಲು ಮುರಿಯುವಷ್ಟು ಗಟ್ಟಿಯಾಗುತ್ತದೆ.

ಹೊರಡುವಾಗ ದಪ್ಪ ಡೌನ್ ಜಾಕೆಟ್ ಬ್ಯಾಗಿನ ಮೇಲ್ಭಾಗದಲ್ಲಿರಲಿ, ಮೈಮೇಲೆ ಬೇಡ. ಥರ್ಮಲ್, ಫ್ಲೀಸ್, ಗಾಳಿ ತಡೆಯುವ ಜಾಕೆಟ್ ಇಷ್ಟು ಹಾಕಿಕೊಂಡು ಮೊದಲ ಹತ್ತು ನಿಮಿಷ ಸ್ವಲ್ಪ ನಡುಗುತ್ತಲೇ ನಡೆಯಬೇಕು. ಎಲ್ಲ ಹಾಕಿಕೊಂಡು ಹೊರಟವರು ಏರಿನಲ್ಲಿ ಬೆವರುತ್ತಾರೆ, ತುದಿಯಲ್ಲಿ ನಿಂತಾಗ ಆ ಬೆವರೇ ತಣ್ಣೀರಾಗುತ್ತದೆ. ಹತ್ತಿ ಬನಿಯನ್, ಜೀನ್ಸ್ ಇದೇ ಕಾರಣಕ್ಕೆ ಬೇಡ ಅನ್ನುವುದು. ಕಾಲ್ಚೀಲ ಎರಡು ಜೊತೆ ಹಾಕಿದರೆ ಬೆಚ್ಚಗಿರುತ್ತದೆ ಎಂದು ತುಂಬ ಜನ ತಿಳಿದಿದ್ದಾರೆ. ಶೂ ಬಿಗಿಯಾಗಿ ರಕ್ತ ಓಡದಿದ್ದರೆ ಮೂರು ಜೊತೆ ಹಾಕಿದರೂ ಮರಗಟ್ಟುತ್ತದೆ. ಬೆರಳು ಆಡಿಸಲು ಜಾಗ ಬೇಕು.

ಶೂ ಮಾತು ಬಂದಾಗ ಒಂದು ಎಚ್ಚರಿಕೆ. ಹಳೇ ಟ್ರೆಕಿಂಗ್ ಶೂ ಬೀರುವಿನಲ್ಲಿ ವರ್ಷಗಟ್ಟಲೆ ಇಟ್ಟಿದ್ದರೆ ಅಡಿಭಾಗದ ಪಾಲಿಯುರಿಥೇನ್ ಗಾಳಿಯ ತೇವಕ್ಕೆ ಒಳಗೊಳಗೇ ಶಿಥಿಲವಾಗಿರುತ್ತದೆ. ನೋಡಲು ಹೊಸದರಂತೆ ಇರುತ್ತದೆ, ಹಿಮದಲ್ಲಿ ಎರಡನೇ ದಿನ ಸೋಲ್ ಪೂರ್ತಿ ಬಾಯಿ ಬಿಡುತ್ತದೆ. ಕಿಟ್ಟಿನಲ್ಲಿ ಡಕ್ಟ್ ಟೇಪ್, ಕೇಬಲ್ ಟೈ ಇಟ್ಟುಕೊಳ್ಳುವುದು ಇದಕ್ಕೇ. ಬರುವ ಮೊದಲು ಅದೇ ಶೂ ಹಾಕಿ, ಅದೇ ಬ್ಯಾಗ್ ಹೊತ್ತು ಕುಮಾರಪರ್ವತ ಹತ್ತಿ ಇಳಿಯಿರಿ. ಕುಕ್ಕೆಯ ಕಡೆಯಿಂದ ಸುಮಾರು 1,600 ಮೀಟರ್ ಏರು, ಅಷ್ಟೇ ಇಳಿತ. ಶೂ, ಮಂಡಿ, ಬ್ಯಾಗಿನ ಪಟ್ಟಿ ಮೂರರ ಬಣ್ಣವೂ ಅಲ್ಲಿ ಬಯಲಾಗುತ್ತದೆ. ಎತ್ತರಕ್ಕೆ ಹೊಂದಿಕೊಳ್ಳುವುದನ್ನು ಮಾತ್ರ ಕರ್ನಾಟಕದ ಯಾವ ಬೆಟ್ಟವೂ ಕಲಿಸುವುದಿಲ್ಲ. ಮೇಲೆ ಹೇಳಿದ ಓಟಗಾರರ ಕಾಲು, ಎದೆ ಎರಡೂ ಗಟ್ಟಿಯಾಗಿಯೇ ಇದ್ದವು.

ಹಿಂತಿರುಗುವ ಗಡುವನ್ನು ಸಂಜೆಯ ಬ್ರೀಫಿಂಗಿನಲ್ಲೇ ಹೇಳಿಬಿಡುತ್ತೇವೆ. ಚಳಿಗಾಲದಲ್ಲಿ ಎಂಟೂವರೆ. ತುದಿ ನೂರು ಹೆಜ್ಜೆ ದೂರದಲ್ಲಿದ್ದರೂ ಎಂಟೂವರೆಗೆ ತಿರುಗಬೇಕು. ಗಾಳಿ ಎದ್ದು ದಾರಿ ಮುಚ್ಚಿಕೊಂಡರೆ ಗಡುವಿಗೂ ಕಾಯುವುದಿಲ್ಲ. 2024ರ ಜೂನ್‌ನಲ್ಲಿ ಇದೇ ಉತ್ತರಕಾಶಿ ಜಿಲ್ಲೆಯ ಸಹಸ್ರತಾಲ್ ದಾರಿಯಲ್ಲಿ ಕರ್ನಾಟಕದಿಂದ ಹೋದ ತಂಡ ಹಿಮಗಾಳಿಗೆ ಸಿಕ್ಕಿ 9 ಮಂದಿ ತೀರಿಕೊಂಡರು. ಜೂನ್ ಅಂದರೆ ಬೇಸಿಗೆ ಎಂದುಕೊಳ್ಳುವ ನಾವು ಅದನ್ನು ಮರೆಯಬಾರದು.

ಬೆಳಕಾದ ಕೂಡಲೇ ತಂಪು ಕನ್ನಡಕ ಹಾಕಿ. ಹೊಸ ಹಿಮ ನೇರಳಾತೀತ ಕಿರಣಗಳಲ್ಲಿ 80 ಶೇಕಡಾದವರೆಗೆ ವಾಪಸ್ ಎಸೆಯುತ್ತದೆ. ಕಣ್ಣಿನ ಉರಿ ಶುರುವಾಗುವುದು ಗಂಟೆಗಳ ನಂತರ, ಅಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಮೂಗಿನ ಕೆಳಭಾಗ, ಗದ್ದದ ಅಡಿ, ಇಲ್ಲೆಲ್ಲ ಸನ್‌ಸ್ಕ್ರೀನ್ ಬೇಕು.

ಇಳಿಯುವಾಗಲೇ ಹೆಚ್ಚು ಜನ ಪೆಟ್ಟು ಮಾಡಿಕೊಳ್ಳುವುದು. ಬಿಸಿಲೇರಿದಂತೆ ಹಿಮ ಮೆತ್ತಗಾಗಿ ಮಂಡಿಯವರೆಗೆ ಹೂತುಕೊಳ್ಳುತ್ತದೆ. ಉಗುರು ಕತ್ತರಿಸಿರದಿದ್ದರೆ ಶೂ ಮುಂಭಾಗಕ್ಕೆ ಒತ್ತಿ ಹೆಬ್ಬೆರಳು ಕಪ್ಪಾಗುತ್ತದೆ. ಎಲ್ಲರಿಗೂ ಕೂತು ಜಾರುವ ಆಸೆ. ಲೀಡ್ ತೋರಿಸಿದ ಇಳಿಜಾರಿನಲ್ಲಿ ಮಾತ್ರ ಜಾರಿ, ಅದೂ ಸ್ಪೈಕ್ ಬಿಚ್ಚಿದ ಮೇಲೆ. ಜಾರುವ ರಭಸದಲ್ಲಿ ಸ್ಪೈಕಿನ ಹಲ್ಲು ಹಿಮಕ್ಕೆ ಕಚ್ಚಿಕೊಂಡರೆ ದೇಹ ಮುಂದೆ ಹೋಗುತ್ತದೆ, ಪಾದ ಅಲ್ಲೇ ನಿಲ್ಲುತ್ತದೆ. ಕಾಲಗಂಟು ಮುರಿದವರನ್ನು ಅಲ್ಲಿಂದ ಸಾಂಕ್ರಿಗೆ ಸ್ಟ್ರೆಚರಿನಲ್ಲಿ ಹೊರುವುದು ಇಡೀ ದಿನದ ಕೆಲಸ, ಅದಕ್ಕೆ ಊರಿನ ಎಂಟು ಜನ ಹೆಗಲು ಕೊಡಬೇಕು.